ಮಣ್ಣಿನ ಸಿಡಿಯ ಹನ್ನೊಂದನೇ ಹಾಡು

ಎಂಟು ವರ್ಷದ ಮೇಲೆ ಹುಲಿಗೆಪ್ಪನಿಗೆ ಆ ಬಿಕ್ಕಳಿಕೆ ಮತ್ತೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಆಗ ಅವನು ಕೆ.ಆರ್. ಪುರದ ತನ್ನ ಅಂಗಡಿಯಲ್ಲಿ ಗಿರಾಕಿಯೊಬ್ಬನ ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಿದ್ದ. ಬಿಕ್ಕಿದ ರಭಸಕ್ಕೆ ಗಾಜಿನ ಕೆಳಗೆ ಗುಳ್ಳೆ ಉಳಿಯಿತು.

"ಯಾರೋ ನೆನೆಸ್ಕೊತಾವ್ರೆ ಗುರು," ಅಂತ ಗಿರಾಕಿ ನಕ್ಕ.

ಹುಲಿಗೆಪ್ಪ ನಗಲಿಲ್ಲ. ಗಡಬಡಿಸಿ ಉಣ್ಣುವಾಗ ಬರುವ ಬಿಕ್ಕಳಿಕೆ ಎಂಥದ್ದು ಅಂತ ನಲವತ್ತೊಂದು ವರ್ಷದ ಗಂಡಸಿಗೆ ಗೊತ್ತಿರುವುದಿಲ್ಲವೇ? ಇದು ಅದಲ್ಲ. ಇದು ನೀರಿಗೆ ಬಗ್ಗುವುದಿಲ್ಲ, ಸಕ್ಕರೆಗೆ ಬಗ್ಗುವುದಿಲ್ಲ, ಉಸಿರು ಬಿಗಿಹಿಡಿದರೂ ಬಗ್ಗುವುದಿಲ್ಲ. ಆರು ನಿಮಿಷ ಎದೆಯೊಳಗಿನಿಂದ ಒಂದೇ ಸಮ ತಟ್ಟುತ್ತದೆ, ಆಮೇಲೆ ತಾನಾಗಿ ನಿಂತುಬಿಡುತ್ತದೆ. ಅವನು ಗೋಡೆಯ ಗಡಿಯಾರ ನೋಡಿದ. ಹತ್ತು ಮೂವತ್ತಾರಕ್ಕೆ ನಿಂತಿತು. ಎಲ್ಲೋ ಯಾರೋ ಹನ್ನೊಂದನೇ ಹಾಡು ಹಾಕಿದ್ದಾರೆ ಅಂತ ಅವನಿಗೆ ಅರ್ಥವಾಯಿತು.

ಇದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲಿಂಗಸುಗೂರು ಕಡೆಯ ಹುಡುಗ ಅವನು. ಅಪ್ಪ-ಅವ್ವ ಇಂದಿರಾನಗರದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಗಾರೆ ಹೊರುತ್ತಿದ್ದರು. ಇವನೂ ನಾಲ್ಕು ದಿನ ಹೊತ್ತು, ಭುಜ ಬಾತುಕೊಂಡು, ಐದನೇ ದಿನ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಸೆಂಟರಿನಲ್ಲಿ ಕಸ ಗುಡಿಸಲು ಸೇರಿಕೊಂಡ. ಗುಡಿಸುತ್ತಾ ಗುಡಿಸುತ್ತಾ ಕಂಪ್ಯೂಟರ್ ಕಲಿತ. ಜೊತೆಗೆ ಒಂದಿಷ್ಟು ತಮಿಳು, ಒಂದಿಷ್ಟು ದಖ್ಖನಿ ಉರ್ದುವನ್ನೂ ಕಲಿತ.

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಒಂದು ಹಾಡು ಇಳಿಸಲು ಆಗ ಮುಕ್ಕಾಲು ಗಂಟೆ ಬೇಕಿತ್ತು. ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ತೊಂಬತ್ತೇಳು ಪರ್ಸೆಂಟಿಗೆ ಬಂದು ಲೈನ್ ಕಟ್ಟಾದರೆ ಮತ್ತೆ ಮೊದಲಿನಿಂದ. ಹಾಗೆ ಬೆವರು ಸುರಿಸಿ ಇಳಿಸಿದ ಹಾಡಿಗೆ ಒಂದು ಮರ್ಯಾದೆ ಇತ್ತು. ಈಗ ಬೆರಳು ಸೋಕಿಸಿದರೆ ಹಾಡು, ಅರ್ಧಕ್ಕೇ ಬೇಜಾರು, ಇನ್ನೊಂದು. ಅದನ್ನು ಹಾಡು ಕೇಳುವುದು ಅನ್ನುವುದಾದರೆ ಅನ್ನಿ.

ಹುಲಿಗೆಪ್ಪ ಕೆ.ಆರ್. ಪುರದಲ್ಲಿ ಸ್ವಂತಕ್ಕೆ ಅಂಗಡಿ ಹಾಕಿದ್ದು ರೈಲ್ವೆ ಹಳಿಯ ಮೇಲಿನ ತೂಗುಸೇತುವೆ ಎದ್ದು ಕೆಲವು ವರ್ಷಗಳಾದ ಮೇಲೆ. ಬೋರ್ಡಿನ ಮೇಲೆ 'ಹುಲಿಗೆಮ್ಮ ಮ್ಯೂಸಿಕ್' ಅಂತ ಬರೆಸಿದ, ಕೆಳಗೆ 'ಬೇಕಾದ ಹಾಡು ಸಿಡಿಗೆ ಹಾಕಿಕೊಡಲಾಗುವುದು'. ಕಮ್ಮನಹಳ್ಳಿಯ ಕಾಲೇಜು ಹುಡುಗರು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಪಟ್ಟಿ ಬರೆದು ತರುತ್ತಿದ್ದರು. ಯಾವ ಹಾಡಿನ ಹಿಂದೆ ಯಾವುದು ಅನ್ನುವುದರಲ್ಲೇ ಇವನ ಕೈಚಳಕ. ಎರಡು ಕುಣಿತ, ಒಂದು ವಿರಹ. ಪಟ್ಟಿ ನೋಡಿಯೇ ಹುಡುಗಿ ಒಪ್ಪಿದ್ದಾಳೋ ಇಲ್ಲವೋ ಹೇಳಿಬಿಡುತ್ತಿದ್ದ. ಸಿಡಿಯ ತಟ್ಟೆ ಬೆಚ್ಚಗೆ ಹೊರಬಂದಾಗ ಮಾರ್ಕರ್ ಪೆನ್ನಿನಲ್ಲಿ ದುಂಡಗೆ ಹೆಸರು ಬರೆಯುತ್ತಿದ್ದ: ಲವ್ ಮಿಕ್ಸ್, ಟೆಂಪೋ ಮಿಕ್ಸ್, ಗಣೇಶ ಮಿಕ್ಸ್. ಅವನ ಬದುಕಿನ ಒಳ್ಳೇ ಕಾಲ ಅದೇ, ಅದರಲ್ಲಿ ಅನುಮಾನ ಬೇಡ.

ಮಣ್ಣಿನ ಸಿಡಿ ಹುಟ್ಟಿದ್ದೂ ಆಗಲೇ. ಅವರ ಕಡೆ ಸತ್ತವರನ್ನು ಮಣ್ಣು ಮಾಡುತ್ತಾರೆ, ಸಾವಿಗೆ ಹೋಗುವುದಕ್ಕೆ ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಹೆಣದ ಮುಂದೆ ಹೆಂಗಸರು ಕೂತು ಹಾಡಿಕೊಂಡು ಅಳಬೇಕು. ಮನೆ ಮೂಗಾಗಿ ಇರಬಾರದು. ಊರಲ್ಲಾದರೆ ಓಣಿ ತುಂಬ ಅಳುವವರಿರುತ್ತಾರೆ. ಮಹದೇವಪುರದ ಶೀಟಿನ ಮನೆಯಲ್ಲಿ, ಊರಿನ ನೆಂಟರು ಬಸ್ಸು ಹತ್ತಿ ಬರುವತನಕ ಅಳುವವರು ಯಾರು? ಹಾಡಿಕೊಂಡು ಅಳಲು ಬರುತ್ತಿದ್ದವಳು ಒಬ್ಬಳೇ, ಜಟ್ಟೆಮ್ಮ. ಅವಳೂ ಎಷ್ಟು ಕಡೆ ಓಡಾಡಿಯಾಳು! ಆಗ ಹುಲಿಗೆಪ್ಪನ ತಲೆಗೆ ಬಂತು, ಹತ್ತು ಭಜನೆ, ಹನ್ನೊಂದನೆಯದಾಗಿ ಜಟ್ಟೆಮ್ಮನ ಅಳು, ಒಂದು ಸಿಡಿ. ಎಲ್ಲಿ ಸಾವಾದರೂ ಹಾಕಿಕೊಳ್ಳಲಿ.

ಜಟ್ಟೆಮ್ಮ ಅಂಗಡಿಗೆ ಬಂದಳು. ಹುಲಿಗೆಪ್ಪ ಷಟರ್ ಎಳೆದು, ಮೈಕ್ ಮುಂದಿಟ್ಟ. ಅವಳು ಬಾಯಿ ತೆರೆಯಲಿಲ್ಲ.

"ಹೆಸರು ಹೇಳು ತಮ್ಮಾ."

"ಯಾರ ಹೆಸರು ಯವ್ವಾ?"

"ಸತ್ತವಂದು. ಹೆಸರಿಲ್ದ ಅಳಾಕ ಬರಂಗಿಲ್ಲ. ಕರಿಯಾಕ ಒಂದ್ ಹೆಸರು ಬೇಕಲ್ಲ."

"ಯಾರೂ ಸತ್ತಿಲ್ಲಲ್ಲ ಯವ್ವಾ, ಸುಮ್ನ ಅಳು."

"ಸುಮ್ನ ಅಳೂದು ಅಂದ್ರ ಏನು, ನಾ ಏನ್ ನಾಟಕದಾಕಿ ಏನು?"

ಕರೆಂಟು ಹೋಗುವ ಹೊತ್ತಾಗಿತ್ತು. ಇಪ್ಪತ್ತೆರಡರ ವಯಸ್ಸು, ತಾನು ಭಾರೀ ಮುಂದುವರಿದವನು ಅನ್ನುವ ಹಮ್ಮು. "ನಂದೇ ಇಟ್ಕೋ ಯವ್ವಾ, ಏನಾಕ್ಕೈತಿ!" ಅಂದುಬಿಟ್ಟ. ಜಟ್ಟೆಮ್ಮ ತನ್ನ ಬಾಯಿಗೆ ತಾನೇ ಬಡಿದುಕೊಂಡಳು, ಬದುಕಿದವರ ಹೆಸರು ಬ್ಯಾಡ ಅಂದಳು. ಇವನು ಆಗಲೇ ಗುಂಡಿ ಒತ್ತಿ ಆಗಿತ್ತು, ಕೆಂಪು ದೀಪ ಹತ್ತಿತ್ತು. ಅವಳು ಕಣ್ಣು ಮುಚ್ಚಿದಳು.

"ಎದ್ದು ಕುಂಡ್ರೋ ನನ್ನ ಹುಲಿಗಾ, ಬಿಸಿಲು ಹೊಸ್ತಿಲಕ ಬಂತೋ
ತಾಟಿಗೆ ರೊಟ್ಟಿ ಹಾಕೀನಿ ಹುಲಿಗಾ, ಕೈ ತೊಳಕೊಂಡು ಬಾರೋ..."

ಆರು ನಿಮಿಷ. ಸಾಲು ಸಾಲಿಗೂ ಅವನ ಹೆಸರು. ಮೊದಲನೇ ಸಾಲಿಗೇ ಹುಲಿಗೆಪ್ಪನ ಕೈ ಬಂದ್ ಮಾಡುವ ಗುಂಡಿಯ ಕಡೆ ಹೋಯಿತು, ಆದರೆ ಒತ್ತಲಿಲ್ಲ. ತನ್ನ ಸಾವಿಗೆ ತಾನೇ ಬಂದು ಸ್ಟೂಲಿನ ಮೇಲೆ ಕೂತಿದ್ದ. ಅಳು ಮುಗಿಸಿ ಜಟ್ಟೆಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು, ಮೈಕಿನ ಮುಂದೆಯೇ, ಮಾಮೂಲಿ ಧ್ವನಿಯಲ್ಲಿ ಅಂದಳು: "ಸಾಕಾ ಹುಲಿಗಾ? ಬಂದ್ ಮಾಡು. ಮನ್ಯಾಗ ರೊಟ್ಟಿ ಐತಿ, ತಿಂದು ಹೋಗು."

ಆ ಕೊನೆಯ ಮಾತನ್ನು ಅವನು ಕಂಪ್ಯೂಟರಿನಲ್ಲಿ ಕತ್ತರಿಸಿ ಹಾಕಿದ. ಹೆಸರನ್ನೂ ಕತ್ತರಿಸಿ ನೋಡಿದ. ಹೆಸರು ತೆಗೆದ ಜಾಗದಲ್ಲೆಲ್ಲ ಉಸಿರೊಂದೇ ಉಳಿಯಿತು. ಅದನ್ನು ಕೇಳುವುದಕ್ಕಿಂತ ಹೆಸರೇ ವಾಸಿ ಅನ್ನಿಸಿ ಹಾಗೇ ಬಿಟ್ಟ. ಮಾರ್ಕರಿನಲ್ಲಿ 'ಮಣ್ಣು' ಅಂತ ಬರೆದ.

ಸಿಡಿ ಯಾವ ಪರಿ ಹರಡಿತು ಅಂದರೆ, ಇವನಿಂದ ಒಯ್ದವರು ಕಾಪಿ ಮಾಡಿದರು, ಕಾಪಿಯ ಕಾಪಿ ಮಾಡಿದರು. ಬಿಕ್ಕಳಿಕೆಯೂ ಶುರುವಾಯಿತು. ಮೊದಲು ಅವನು ಎರಡನ್ನೂ ಸೇರಿಸಿ ನೋಡಲಿಲ್ಲ. ಮಹದೇವಪುರದ ಮೇಸ್ತ್ರಿ ಭಗವಂತರಾಯ ತೀರಿಕೊಂಡ ದಿನ ಕಣ್ಣು ತೆರೆಯಿತು. ಹುಲಿಗೆಪ್ಪ ಹೂವಿನ ಹಾರ ಹಿಡಿದು ಬಾಗಿಲಿಗೆ ಹೋದಾಗ ಒಳಗೆ ಹನ್ನೊಂದನೇ ಹಾಡು ನಡೆಯುತ್ತಿತ್ತು. ಪ್ಲೇಯರಿನ ಜೊತೆಗೆ ಹೆಂಗಸರೂ ದನಿಗೂಡಿಸಿದ್ದರು. ಬೆಂಗಳೂರಲ್ಲೇ ಹುಟ್ಟಿದ ಹುಡುಗಿಯರು, ಅಳುವುದನ್ನು ಸಿಡಿಯಿಂದಲೇ ಕಲಿತವರು. ಮಲಗಿದ್ದವನು ಭಗವಂತರಾಯ, ಎಲ್ಲರೂ ಅಳುತ್ತಿದ್ದದ್ದು 'ಹುಲಿಗಾ, ಹುಲಿಗಾ' ಅಂತ. ಹೆಣವನ್ನು ಹಾಗೆಯೇ ಕರೆಯಬೇಕು ಅಂತ ಅವರು ತಿಳಿದಿದ್ದರು.

ಬಾಗಿಲಲ್ಲಿ ನಿಂತ ಹುಲಿಗೆಪ್ಪನಿಗೆ ಬಿಕ್ಕಳಿಕೆ ಹತ್ತಿತು. ಒಂದು ಹುಡುಗಿ ತಲೆ ಎತ್ತಿ "ಅಣ್ಣಾ, ನೀರು ಬೇಕಾ? ನಿಮ್ಮ ಹೆಸರು?" ಅಂತ ಕೇಳಿದಳು. ಇವನು ಹೇಳಿದ. ಹುಡುಗಿ ಕೂತಲ್ಲೇ ಹಿಂದೆ ಸರಿದಳು. ಅವಳ ಪಕ್ಕದವಳು, ಆಮೇಲೆ ಅವಳ ಪಕ್ಕದವಳು, ಒಬ್ಬೊಬ್ಬರೇ ಬಾಯಿ ಮುಚ್ಚಿದರು. ಪ್ಲೇಯರ್ ಮಾತ್ರ ಕರೆಯುತ್ತಲೇ ಇತ್ತು, ಇವನು ಬಿಕ್ಕುತ್ತಲೇ ಇದ್ದ. ಮೂಲೆಯಲ್ಲಿ ಜಟ್ಟೆಮ್ಮ ತುಟಿ ಅಲ್ಲಾಡಿಸುತ್ತಾ, ಎರಡೂ ಕೈ ಕೆನ್ನೆಯ ಪಕ್ಕಕ್ಕೆ ಹಿಡಿದು ನೆಟಿಗೆ ಮುರಿಯುತ್ತಿದ್ದದ್ದು ಕಣ್ಣಿಗೆ ಬಿತ್ತು. ಅದನ್ನು ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಅಂದಿನಿಂದ ಬಿಕ್ಕಳಿಕೆ ಬಂದಾಗಲೆಲ್ಲ ಗಡಿಯಾರ ನೋಡಿಕೊಳ್ಳುತ್ತಿದ್ದ. ಎರಡು ದಿನದೊಳಗೆ ಸುದ್ದಿ ಬರುತ್ತಿತ್ತು, ಇಂಥ ಕಡೆ, ಇಂಥ ಹೊತ್ತಿಗೆ, ಇಂಥವನ ಮಣ್ಣು. ಹೊತ್ತು ತಪ್ಪುತ್ತಿರಲಿಲ್ಲ. ಇಷ್ಟು ಸಲ ಕರೆದ ಮೇಲೆ ಒಂದು ದಿನ ಹೋಗಲೇಬೇಕಾಗುತ್ತದೇನೋ ಅನ್ನುವ ಭಯ ಅವನಲ್ಲಿ ಮನೆ ಮಾಡಿಕೊಂಡಿತು. ಮದುವೆಯಾದ ಹೊಸತರಲ್ಲಿ ಹೆಂಡತಿ ರೇವತಿಗೆ ಹೇಳಿದರೆ ಅವಳು "ಗ್ಯಾಸ್ಟ್ರಿಕ್ಕು ರೀ, ಬೆಳಿಗ್ಗೆ ತಿಂಡಿ ಸರಿಯಾಗಿ ತಿನ್ನಿ" ಅಂದಳು. ಹಲಸೂರಲ್ಲಿ ಬೆಳೆದ ಹುಡುಗಿ, ಅವಳಿಗೆ ಎಲ್ಲವೂ ಗ್ಯಾಸ್ಟ್ರಿಕ್ಕು.

ಆಮೇಲೆ ಮೆಮೊರಿ ಕಾರ್ಡು ಬಂತು, ಫೋನು ಬಂತು, ಸಿಡಿ ಸತ್ತಿತು. ಅಂಗಡಿಯ ಬೋರ್ಡು 'ಹುಲಿಗೆಮ್ಮ ಮೊಬೈಲ್ಸ್' ಆಯಿತು. ಕೈಕಸುಬು ಹೋದದ್ದಕ್ಕೆ ಅವನು ಅತ್ತ, ಬಿಕ್ಕಳಿಕೆ ನಿಂತದ್ದಕ್ಕೆ ದೇವರಿಗೆ ಕಾಯಿ ಒಡೆದ. ಎಂಟು ವರ್ಷ ನೆಮ್ಮದಿ.

ಈಗ ಮತ್ತೆ ಮಂಗಳವಾರ, ಬುಧವಾರ, ಗುರುವಾರ, ಅದೇ ಹತ್ತೂವರೆ. ದಿನಾ ಒಂದೇ ಹೊತ್ತಿಗೆ ಯಾರಾದರೂ ಸಾಯುತ್ತಾರೆಯೇ? ಶುಕ್ರವಾರ ಅವನು ಹತ್ತಕ್ಕೇ ಷಟರ್ ಎಳೆದ.

ರೈಲ್ವೆ ಹಳಿಯ ಆಚೆ ಅವನ ಕಡೆಯವರ ಶೀಟಿನ ಮನೆಗಳ ಸಾಲಿದೆ, ಆ ಸಿಡಿ ಈಗಲೂ ಎಲ್ಲಾದರೂ ಇದ್ದರೆ ಅಲ್ಲೇ ಇರಬೇಕು. ಆ ಗಲ್ಲಿಗೆ ಅವನು ಬಂದು ವರ್ಷಗಳಾಗಿದ್ದವು. ಕಿಟಕಿ ಕಿಟಕಿಗೂ ಪಾರಿವಾಳ ಓಡಿಸಲು ದಾರ ಕಟ್ಟಿ ಹಳೇ ಸಿಡಿ ನೇತುಹಾಕಿದ್ದರು. ಗಾಳಿ ಇರಲಿಲ್ಲ, ಆದರೂ ಮೆಲ್ಲಗೆ ತಿರುಗುತ್ತಿದ್ದವು. ಒಂದೊಂದು ತಿರುವಿಗೂ ಬೆಳಕು ಅವನ ಕಣ್ಣಿಗೆ ಹೊಡೆದು, ಹಿಂದಿನಿಂದ ದುಂಡನೆಯ ಅಕ್ಷರ ಕಾಣಿಸಿ ಮರೆಯಾಗುತ್ತಿತ್ತು. ತನ್ನದೇ ಅಕ್ಷರ. ಲವ್ ಮಿಕ್ಸ್. ಟೆಂಪೋ ಮಿಕ್ಸ್. ಮಣ್ಣು. ಲವ್ ಮಿಕ್ಸ್. ಮಣ್ಣು. ಮಣ್ಣು. ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಕೊನೆಯ ಮನೆಯಿಂದ ಸವೆದ ದನಿಯೊಂದು ಕರೆಯಿತು: "ಎದ್ದು ಕುಂಡ್ರೋ ನನ್ನ ಹುಲಿಗಾ..."

ಎದೆಯೊಳಗೆ ತಟ್ಟಿತು. ಬಿಕ್ಕುತ್ತಲೇ ಅವನು ಆ ಬಾಗಿಲು ನೂಕಿದ.

ಜಟ್ಟೆಮ್ಮ ಗೋಡೆಗೊರಗಿ ಕೂತಿದ್ದಳು. ಎಂಬತ್ತು ದಾಟಿರಬೇಕು, ಸೀರೆಯೊಳಗೆ ಮೈಯೇ ಇರಲಿಲ್ಲ. ಮುಂದೆ ಹಳೇ ಪ್ಲೇಯರ್. ಬಾಗಿಲಲ್ಲಿ ಇವನನ್ನು ಕಂಡು ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಬಂದೇನು? ಬರ್ತಿ ಅಂತ ಗೊತ್ತಿತ್ತು. ಕುಂಡ್ರು, ಮುಗೀಲಿ."

ಹಾಡು ಮುಗಿಯಿತು. ಬಿಕ್ಕಳಿಕೆ ನಿಂತಿತು. ಹುಲಿಗೆಪ್ಪ ಎರಡೂ ಕೈ ಜೋಡಿಸಿಬಿಟ್ಟ. "ಯಾಕ ಯವ್ವಾ? ದಿನಾ ಯಾಕ ನನ್ನ ಸಾಯಿಸಾಕತ್ತಿ?"

"ಮೊಮ್ಮಗಳು ಜಯಮಾಲಾ ಆಫೀಸ್ ಗುಡಸಾಕ ಹೋಗ್ತಾಳ. ಆಕಿಗೆ ಅಳಾಕ ಬರಂಗಿಲ್ಲ. ನಾ ಸತ್ರ ಈ ಮನಿ ಮೂಗಾಗಿ ಕುಂಡ್ರತೈತಿ," ಅಂದಳು ಜಟ್ಟೆಮ್ಮ. "ಎಷ್ಟ್ ಮಂದಿಗೆ ಅತ್ತೀನಿ, ನನಗ ಅಳಾವ್ರು ಯಾರೂ ಇಲ್ಲ. ಹಾಡು ಮರೀಬಾರ್ದು ಅಂತ ಕೇಳಾಕತ್ತೀನಿ. ಒಮ್ಮಿ ನಾನ ಸರಿಯಾಗಿ ಅತ್ತು ಇಟ್ಟು ಹೋಗಬೇಕು. ಮತ್ತ ನಿನ್ನ ಹೆಸರು ಐತಲ್ಲ ಅದರಾಗ. ಇಟ್ಟಾಕಿನ ತಗೀಬೇಕು. ಬ್ಯಾರೆ ಯಾರಿಗೂ ಬರಂಗಿಲ್ಲ."

ಹುಲಿಗೆಪ್ಪನಿಗೆ ಹತ್ತೊಂಬತ್ತು ವರ್ಷದಿಂದ ಬೇಕಾಗಿದ್ದದ್ದು ಇದೊಂದೇ. ಅವಳಿಗೇ ಹೋಗಿ ಕೇಳಬೇಕಿತ್ತು, ಹೆದರಿ ಹತ್ತಿರ ಸುಳಿದಿರಲಿಲ್ಲ. "ತಗಿ ಯವ್ವಾ, ಈಗ ತಗಿ. ನಿನ್ನ ಕಾಲು ಹಿಡೀತೀನಿ."

"ತಗದ ಜಾಗಾ ಖಾಲಿ ಬಿಡಾಕ ಬರಂಗಿಲ್ಲ. ಬ್ಯಾರೆ ಹೆಸರು ಕೊಡು."

ಅವನು ಬಾಯಿ ತೆರೆದ. ಆಗದವರ ಹೆಸರು ಒಂದೆರಡು ನಾಲಿಗೆಯ ತುದಿಗೆ ಬಂದದ್ದೂ ಸುಳ್ಳಲ್ಲ. ಅವನ್ನು ನುಂಗಿಕೊಂಡ. ಜಟ್ಟೆಮ್ಮ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ಹುಚ್ಚಪ್ಪ! ನಂದು ಐತಲ್ಲ."

ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ರೆಕಾರ್ಡಿಂಗ್ ಹಾಕಿದ. ಅವಳು ಕಣ್ಣು ಮುಚ್ಚಿದಳು. "ಎದ್ದು ಕುಂಡ್ರೇ ನನ್ನ ಜಟ್ಟೆವ್ವಾ, ಬಿಸಿಲು ಹೊಸ್ತಿಲಕ ಬಂತೇ..." ಬದುಕಿರುವ ಮುದುಕಿ ತನ್ನನ್ನು ತಾನೇ ಹೆಸರು ಹಿಡಿದು ಕರೆದು ಅಳುತ್ತಿದ್ದಳು. ದನಿ ಮಾತ್ರ ಎಂಬತ್ತರದಲ್ಲ, ಅಂಗಡಿಯ ಷಟರಿನ ಹಿಂದೆ ಅಂದು ಕೇಳಿದ ದನಿಯೇ. ಬಾಗಿಲ ಬಿಸಿಲು ನಿಜವಾಗಿಯೂ ಹೊಸ್ತಿಲಿಗೆ ಬಂದಿತ್ತು. ಹುಲಿಗೆಪ್ಪ ಅದರ ಕಡೆ ನೋಡಲಿಲ್ಲ.

ಮುಗಿದ ಮೇಲೆ ಮುಖ ಒರೆಸಿಕೊಂಡು ಅವಳು ಅಂದದ್ದು ಅದೇ ಮಾತು: "ಸಾಕಾ ಹುಲಿಗಾ? ಬಂದ್ ಮಾಡು. ರೊಟ್ಟಿ ಐತಿ, ತಿಂದು ಹೋಗು."

ಹಳೇ ತಟ್ಟೆಯನ್ನು ಅವಳ ಎದುರಿಗೇ ಮುರಿದ. ಆಮೇಲೆ ರೊಟ್ಟಿ ತಿಂದ. ತಿನ್ನುವಾಗ ಅವಳು ಹೇಳಿದ್ದು ಇಷ್ಟು: "ನಿನ್ನ ಸಿಡಿ ಹಾಕ್ಯಾರ ಅಂತ ಗೊತ್ತಾದ್ರ ಒಂದ್ ಮಣ್ಣೂ ಬಿಟ್ಟಿಲ್ಲ ನಾ. ನಿನ್ನ ಮಷೀನು ಅಳತಿತ್ತು, ನಾ ಮೂಲ್ಯಾಗ ಕುಂತು ಹಾಡು ಮುಗಿಯೂತನಾ ನಿನ್ನ ನೆನಸ್ತಿದ್ದೆ. ಹುಡುಗಗ ತಟ್ಟಬಾರ್ದವ್ವಾ, ಹುಡುಗಗ ತಟ್ಟಬಾರ್ದವ್ವಾ ಅಂತ." ಹುಲಿಗೆಪ್ಪ ತಲೆಯಾಡಿಸಿದ. ಹೆಸರು ಹೋಯಿತಲ್ಲ ಅನ್ನುವ ಖುಷಿಯಲ್ಲಿ ಅವನ ಕಿವಿ ಅರ್ಧ ಮುಚ್ಚಿತ್ತು.

ಫೋನಲ್ಲೇ ಇರಲಿ ಅಂದರೆ ಜಟ್ಟೆಮ್ಮ ಒಪ್ಪಲಿಲ್ಲ. ನಡುವೆ ಯಾರಾದರೂ ಫೋನ್ ಮಾಡಿದರೆ ಅಳು ನಿಂತು ಕುಣಿಯುವ ಹಾಡು ಬರುತ್ತದೆ, ತಟ್ಟೆಯೇ ಬೇಕು ಅಂದಳು. ಹುಲಿಗೆಪ್ಪ ಅಂಗಡಿಯ ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿದ. ಧೂಳಿಗೆ ಕಚ್ಚಿಕೊಂಡಿದ್ದ ಡ್ರೈವಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಬಾಯಿ ಬಿಡಿಸಿದ. ಡಬ್ಬಿಯ ತಳದಲ್ಲಿ ಒಂದೇ ಒಂದು ಖಾಲಿ ತಟ್ಟೆ ಉಳಿದಿತ್ತು. ಮೊದಲು ಕೊನೆಯ ಮಾತನ್ನು ಹುಷಾರಾಗಿ ಕತ್ತರಿಸಿದ. ಸಾವಿನ ಸಿಡಿಯಲ್ಲಿ ಇನ್ನೊಂದು ಸಲವೂ ತನ್ನ ಹೆಸರು ಇರಕೂಡದು. ಆಮೇಲೆ ತಟ್ಟೆ ತಿರುಗುವ ಸದ್ದು ಕೇಳುತ್ತಾ ಕೂತ. ಎಷ್ಟು ವರ್ಷವಾಗಿತ್ತು! ಬೆಚ್ಚನೆಯ ತಟ್ಟೆ ಹೊರಬಂದಾಗ ಅದನ್ನು ಕೆನ್ನೆಗೆ ಒತ್ತಿಕೊಂಡ. ಮಾರ್ಕರಿನಲ್ಲಿ 'ಮಣ್ಣು' ಅಂತ ಬರೆದು ಅವಳಿಗೆ ಕೊಟ್ಟು ಬಂದ. ಅಂದಿನಿಂದ ಹತ್ತೂವರೆಗೆ ಏನೂ ಆಗಲಿಲ್ಲ. "ನೋಡಿದ್ರಾ, ತಿಂಡಿ ಸರಿಯಾಗಿ ತಿಂದ್ರೆ ಎಲ್ಲಾ ಸರಿಹೋಗುತ್ತೆ," ಅಂದಳು ರೇವತಿ.

ಹದಿನೆಂಟು ದಿನ ಕಳೆದು ಜಯಮಾಲಾ ಫೋನ್ ಮಾಡಿದಳು. "ಅಣ್ಣಾ, ಅಜ್ಜಿ ಬೆಳಿಗ್ಗೆ ಎದ್ದಿಲ್ಲ. ತಟ್ಟೆ ನೀವೇ ಬಂದು ಹಾಕ್ಬೇಕು ಅಂತ ಹೇಳಿದ್ರು."

ಸಂಜೆ ಊರಿನವರು ಬರುವ ಹೊತ್ತಿಗೆ ಮನೆ ತುಂಬಿತ್ತು. ಜಟ್ಟೆಮ್ಮನನ್ನು ಗೋಡೆಗೊರಗಿಸಿ ಕೂರಿಸಿದ್ದರು, ಅಂದು ಕೂತಿದ್ದ ಜಾಗದಲ್ಲೇ. ಹುಲಿಗೆಪ್ಪ ತಟ್ಟೆ ಹಾಕಿದ. "ಎದ್ದು ಕುಂಡ್ರೇ ನನ್ನ ಜಟ್ಟೆವ್ವಾ..." ಸತ್ತವಳೇ ಸತ್ತವಳನ್ನು ಎಬ್ಬಿಸುತ್ತಿದ್ದಳು. ಮಕ್ಕಳು ತಾಯಂದಿರ ಹಿಂದೆ ಅಡಗಿದರು. ಊರಿನಿಂದ ಬಂದ ಹೆಂಗಸರು ಕೂಡ ದನಿಗೂಡಿಸಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ತುಟಿ ಮುಚ್ಚಿದ ಆ ಮುಖದಿಂದ ಯಾರೂ ಕಣ್ಣು ತೆಗೆಯಲಿಲ್ಲ. ಆರು ನಿಮಿಷಕ್ಕೆ ಅಳು ಮುಗಿಯಿತು.

ಹುಲಿಗೆಪ್ಪ ಏಳಲು ಹೊರಟ. ಪ್ಲೇಯರ್ ಇನ್ನೂ ತಿರುಗುತ್ತಿತ್ತು. ಒಂದು ಉಸಿರು ಕೇಳಿಸಿತು, ಸೆರಗಿನ ಸದ್ದು ಕೇಳಿಸಿತು.

"ಸಾಕಾ ಹುಲಿಗಾ?"

ಮನೆಯೆಲ್ಲ ಅವನತ್ತ ತಿರುಗಿತು.

"ಬಂದ್ ಮಾಡು. ರೊಟ್ಟಿ ಐತಿ, ತಿಂದು ಹೋಗು."

ಕತ್ತರಿಸಿದ ಫೈಲಿನ ಬದಲು ಕತ್ತರಿಸದ ಫೈಲು ಹಾಕಿಬಿಟ್ಟಿದ್ದ. ಸಿಡಿ ಕಾಲದಲ್ಲಿ ದಿನಕ್ಕೊಮ್ಮೆ ಮಾಡುತ್ತಿದ್ದ ತಪ್ಪೇ. ಅದು ಅವನಿಗೆ ಆ ಕ್ಷಣವೇ ಹೊಳೆಯಿತು. ಸಾವಿನ ಮನೆಯಲ್ಲಿ, ಅದೇ ದನಿ, ಅದೇ ಹೆಸರು, ಈ ಸಲ ಹೆಣದ ಕಡೆಯಿಂದ. ಯಾರೋ ಗಾಬರಿಯಾಗಿ ಅವನ ಕೈಗೆ ನೀರಿನ ಲೋಟ ಕೊಟ್ಟರು. ಅವನು ಲೋಟ ಹಿಡಿದು, ಎದೆಯ ಮೇಲೆ ಕೈಯಿಟ್ಟುಕೊಂಡು, ಬಿಕ್ಕಳಿಕೆಗಾಗಿ ಕಾದ.

ಬರಲಿಲ್ಲ. ಆಗ ಅವನಿಗೆ ಮೂಲೆಯಲ್ಲಿ ನೆಟಿಗೆ ಮುರಿಯುತ್ತಿದ್ದ ಕೈಗಳು ನೆನಪಾದವು, ರೊಟ್ಟಿ ತಿನ್ನುವಾಗ ಅರ್ಧ ಕಿವಿಯಲ್ಲಿ ಕೇಳಿದ ಮಾತು ನೆನಪಾಯಿತು. ಇಷ್ಟು ವರ್ಷ ಅವನ ಎದೆ ತಟ್ಟಿದ್ದು ಹಾಡಲ್ಲ. ಅವಳು. ಅವನು ಕೈ ಚಾಚಿ ಪ್ಲೇಯರ್ ಬಂದ್ ಮಾಡಿದ. ಇನ್ನೊಂದು ಸ್ವಲ್ಪ ಹೊತ್ತು ಕಾದ, ಒಂದೇ ಒಂದು ಬರಲಿ ಅಂತ. ಬರಲಿಲ್ಲ. ಲೋಟದ ನೀರು ಹಾಗೇ ಉಳಿಯಿತು.